ಬಿಳಿ ಮರಳಿನ ಬಯಲಲ್ಲಿ ಒಂದು ದಿನ: ವೈಟ್ ಸ್ಯಾಂಡ್ಸ್‌ಗೆ ಹೋಗುವವರಿಗೆ

ಮರಳುಗಾಡು ಎಂದೊಡನೆ ಅಂಗಾಲು ಸುಡುವ ಮರಳು ನೆನಪಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿರುವ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಲೆಕ್ಕ ತಲೆಕೆಳಗು. ಕಡು ಬೇಸಿಗೆಯಲ್ಲೂ ಇಲ್ಲಿನ ದಿಬ್ಬಗಳನ್ನು ಬರಿಗಾಲಲ್ಲಿ ಹತ್ತಬಹುದು. ಹಿಟ್ಟಿನಂತೆ ನುಣುಪಾದ ಬಿಳಿ ಮರಳು ಪಾದಕ್ಕೆ ತಣ್ಣಗೆ ತಾಗುತ್ತದೆ. ಅಪಾಯದ ಮೂಲವೂ ಇದೇ. ಕಾಲಿಗೆ ತಂಪಾದಾಗ ಬಿಸಿಲು ಅಷ್ಟೇನೂ ಇಲ್ಲ ಎಂದು ಮನಸ್ಸು ನಂಬಿಬಿಡುತ್ತದೆ. ನೆತ್ತಿಯ ಮೇಲಿನ ಸೂರ್ಯ ಮಾತ್ರ ಬೇರೆ ಮರುಭೂಮಿಗಳಲ್ಲಿರುವಷ್ಟೇ ಉಗ್ರ. ಇಲ್ಲಿ ಸಂತೋಷವಾಗಿ ದಿನ ಕಳೆಯಬೇಕೆಂದರೆ ಪಾದದ ಮಾತನ್ನು ನಂಬದೆ ಗಡಿಯಾರ ಮತ್ತು ನೀರಿನ ಬಾಟಲಿಗಳ ಮಾತು ಕೇಳಬೇಕು.

ಈ ಮರಳು ನದಿಯ ಮರಳಲ್ಲ, ಜಿಪ್ಸಮ್. ಗೋಡೆಗೆ ಹಚ್ಚುವ ಪ್ಲಾಸ್ಟರ್ ತಯಾರಾಗುವುದು ಇದೇ ಖನಿಜದಿಂದ. ಜಿಪ್ಸಮ್ ನೀರಿನಲ್ಲಿ ಕರಗುತ್ತದೆ. ಬೇರೆ ಕಡೆ ಮಳೆ ಅದನ್ನು ಕರಗಿಸಿ ಹೊಳೆಗೆ, ಹೊಳೆ ಸಮುದ್ರಕ್ಕೆ ಒಯ್ಯುತ್ತದೆ. ಉದ್ಯಾನವಿರುವ ಟುಲರೋಸಾ ತಗ್ಗಿನಿಂದ ಹೊರಹೋಗುವ ಹೊಳೆಯೇ ಇಲ್ಲ. ಸುತ್ತಲ ಬೆಟ್ಟಗಳಿಂದ ಕರಗಿ ಬಂದ ಜಿಪ್ಸಮ್ ತಗ್ಗಿನ ಕೆರೆಯಲ್ಲಿ ನಿಂತು, ನೀರು ಆರಿದಾಗ ಹರಳುಗಟ್ಟುತ್ತದೆ. ಹರಳು ಒಡೆದು ಪುಡಿಯಾದ ಮೇಲೆ ನೈಋತ್ಯದ ಗಾಳಿ ಅದನ್ನು ಗುಡ್ಡೆ ಹಾಕುತ್ತದೆ. ಹೀಗೆ ಬೆಳೆದ ಬಿಳಿ ಬಯಲಿನ ಹರವು ಸುಮಾರು 710 ಚದರ ಕಿಲೋಮೀಟರ್, ಜಿಪ್ಸಮ್ ದಿಬ್ಬಗಳ ಮಟ್ಟಿಗೆ ಜಗತ್ತಿನಲ್ಲೇ ದೊಡ್ಡದು. ಅದರ ಸುಮಾರು ಶೇಕಡಾ 40ರಷ್ಟು ಭಾಗ ಉದ್ಯಾನಕ್ಕೆ ಸೇರಿದೆ. ಉಳಿದದ್ದು ಸೇನೆಯ ಕ್ಷಿಪಣಿ ಪರೀಕ್ಷಾ ವಲಯದಲ್ಲಿದೆ. 1933ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿದ್ದು 2019ರ ಡಿಸೆಂಬರ್‌ನಲ್ಲಿ.

ನಿಮ್ಮ ದಿನವನ್ನು ಹೇಗೆ ಹೊಂದಿಸಬೇಕೆಂಬುದೂ ಈ ಖನಿಜದ ಗುಣದಲ್ಲೇ ಇದೆ. ಬೆಳಕನ್ನು ಹೀರಿಕೊಳ್ಳದೆ ಹಿಂದಕ್ಕೆ ಎಸೆಯುವುದರಿಂದ ಮರಳು ಕಾಯುವುದಿಲ್ಲ. ಆದರೆ ಆ ಎಸೆದ ಬೆಳಕೆಲ್ಲ ನಿಮ್ಮ ಮುಖಕ್ಕೇ ಬಡಿಯುತ್ತದೆ. ಕೈಯಿಂದ ಸ್ವಲ್ಪ ಕೆದಕಿದರೆ ಒಳಗೆ ಪಸೆ ಸಿಗುತ್ತದೆ. ಅಂತರ್ಜಲ ಮೇಲ್ಮೈಗೆ ಬಹಳ ಹತ್ತಿರವಿರುವುದೇ ಕಾರಣ. ಆ ಪಸೆಯಿಂದಲೇ ದಿಬ್ಬಗಳ ನಡುವಿನ ತಗ್ಗು ಗಟ್ಟಿ ನೆಲವಾಗಿರುತ್ತದೆ. ದಿಬ್ಬದಿಂದ ತಟ್ಟೆಯ ಮೇಲೆ ಕೂತು ಜಾರುವ ಆಟದಲ್ಲಿ ಮೂಳೆ ಮುರಿಯುವುದು ಆ ನೆಲಕ್ಕೆ ಬಡಿದಾಗಲೇ.

ಯಾವಾಗ ಹೋಗಬೇಕು

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ ಅಥವಾ ನವೆಂಬರ್ ಮೊದಲ ಭಾಗ. ಹಗಲು ಹಿತವಾಗಿರುತ್ತದೆ, ಗಾಳಿಯ ಕಾಟ ಕಡಿಮೆ, ಆಕಾಶ ನಿಚ್ಚಳ. ಡಿಸೆಂಬರ್, ಜನವರಿ ಕೂಡ ಚೆನ್ನ, ಹಗಲು ಎಳೆಬಿಸಿಲಿನಂತಿರುತ್ತದೆ. ಆದರೆ ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲೇ ಚಳಿ ಕಚ್ಚಲು ಶುರುವಾಗಿ ರಾತ್ರಿ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಉದ್ಯಾನ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಒಣ ಗಾಳಿಯಲ್ಲಿ ಶಾಖ ನಿಲ್ಲುವುದಿಲ್ಲ. ಡಿಸೆಂಬರ್ 25ರಂದು ಉದ್ಯಾನ ಮುಚ್ಚಿರುತ್ತದೆ.

ಫೆಬ್ರವರಿಯಿಂದ ಮೇ ವರೆಗೆ ಗಾಳಿಯ ಕಾಲ. ಬಿಸಿಲು ಸಹಿಸುವಂತಿದ್ದರೂ ಗಾಳಿ ಎದ್ದ ದಿನ ದಿಬ್ಬದ ಮೇಲೆ ನಿಲ್ಲಲಾಗುವುದಿಲ್ಲ. ಮರಳು ಕಣಕಾಲಿಗೆ ಸೂಜಿಯಂತೆ ಚುಚ್ಚುತ್ತದೆ, ದೂರದ ಬೆಟ್ಟಗಳು ಮಸುಕಾಗಿ ದಿಕ್ಕೇ ತಿಳಿಯದಂತಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಹವಾಮಾನ ನೋಡಿ. ಗಾಳಿ ಜೋರು ಎಂದಿದ್ದರೆ ಬೆಳಗಿನ ಹೊತ್ತನ್ನು ನೆಚ್ಚಿಕೊಳ್ಳಿ, ಸಾಮಾನ್ಯವಾಗಿ ಗಾಳಿ ಬಲಿಯುವುದು ಮಧ್ಯಾಹ್ನದ ಮೇಲೆ. ಕಣ್ಣಿನೊಳಗೆ ಲೆನ್ಸ್ ಹಾಕುವವರು ಅಂದು ಕನ್ನಡಕಕ್ಕೆ ಬದಲಾಯಿಸಿಕೊಳ್ಳಬೇಕು. ಲೆನ್ಸಿನಡಿ ಒಂದು ಕಣ ಸೇರಿದರೂ ದಿನ ಮುಗಿದಂತೆಯೇ.

ಜೂನ್‌ನಿಂದ ಆಗಸ್ಟ್‌ವರೆಗೆ ಹಗಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಆಗ ಹೋಗಲೇಬಾರದೆಂದಲ್ಲ, ದಿನವನ್ನು ಎರಡು ತುಂಡು ಮಾಡಿಕೊಳ್ಳಬೇಕು. ಅದನ್ನು ಮುಂದೆ ಹೇಳಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆಯೂ ಸೇರಿಕೊಳ್ಳುತ್ತದೆ. ಬಟಾಬಯಲಿನಲ್ಲಿ ದಿಬ್ಬದ ನೆತ್ತಿಯ ಮೇಲೆ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಗುಡುಗು ಕಿವಿಗೆ ಬಿದ್ದ ಕೂಡಲೇ ಇಳಿದು ಕಾರಿನೊಳಗೆ ಸೇರಿಕೊಳ್ಳಿ.

ದಾರಿ, ದಾಖಲೆ, ಟಿಕೆಟ್

ಉದ್ಯಾನಕ್ಕೆ ಇರುವುದು ಒಂದೇ ಬಾಗಿಲು, ಅದು ಯು.ಎಸ್. 70 ಹೆದ್ದಾರಿಯ ಮೇಲಿದೆ. ಅಲಮೊಗೊರ್ಡೊ ಊರಿನಿಂದ 15 ಮೈಲಿ, ಅಂದರೆ 24 ಕಿಲೋಮೀಟರ್. ಲಾಸ್ ಕ್ರೂಸಸ್‌ನಿಂದ 52 ಮೈಲಿ, ಸುಮಾರು ಒಂದು ಗಂಟೆಯ ಹಾದಿ. ವಿಮಾನದಲ್ಲಿ ಬರುವವರು ಟೆಕ್ಸಸ್‌ನ ಎಲ್ ಪಾಸೊದಲ್ಲಿ ಇಳಿದು ಕಾರು ಬಾಡಿಗೆಗೆ ಹಿಡಿಯುವುದು ಸುಲಭ, ಅಲ್ಲಿಂದ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಉದ್ಯಾನದೊಳಗೆ ಪೆಟ್ರೋಲ್ ಸಿಗುವುದಿಲ್ಲ, ಹೋಟೆಲಿಲ್ಲ, ತಂಗುವ ಕೋಣೆಗಳಿಲ್ಲ. ಟ್ಯಾಂಕ್ ತುಂಬಿಸುವ ಕೆಲಸ ಊರಲ್ಲೇ ಮುಗಿಯಲಿ. ಕಾರ್ಲ್ಸ್‌ಬಾಡ್ ಗುಹೆಗಳನ್ನೂ ಅದೇ ದಿನ ನೋಡಿಬಿಡೋಣ ಎಂದು ಅನೇಕರು ಯೋಜನೆ ಹಾಕುತ್ತಾರೆ. ಎರಡರ ನಡುವೆ ಮೂರು ಗಂಟೆಗೂ ಮಿಕ್ಕಿದ ಡ್ರೈವ್ ಇದೆ. ಹಾಗೆ ಮಾಡಿದವರಿಗೆ ಇಲ್ಲಿನ ಬೆಳಗೂ ಇಲ್ಲ, ಸಂಜೆಯೂ ಇಲ್ಲ, ಸಿಗುವುದು ಸುಡು ಮಧ್ಯಾಹ್ನ ಮಾತ್ರ.

ಹೊರಡುವ ಮುನ್ನ ಎರಡು ವಿಷಯ ಖಚಿತಪಡಿಸಿಕೊಳ್ಳಿ. ಮೊದಲನೆಯದು ಕ್ಷಿಪಣಿ ಪರೀಕ್ಷೆ. ಪರೀಕ್ಷೆ ನಡೆಯುವ ದಿನ ಉದ್ಯಾನದ ರಸ್ತೆಯನ್ನೂ ಕೆಲವೊಮ್ಮೆ ಹೆದ್ದಾರಿಯನ್ನೂ 3 ಗಂಟೆಯವರೆಗೆ ಮುಚ್ಚುತ್ತಾರೆ. ಉದ್ಯಾನದ ಜಾಲತಾಣದಲ್ಲಿ ಇದರ ಸೂಚನೆ ಇರುತ್ತದೆ. ಹಿಂದಿನ ದಿನ ಒಮ್ಮೆ, ಹೊರಡುವ ಬೆಳಗ್ಗೆ ಇನ್ನೊಮ್ಮೆ ನೋಡಿ, ಏಕೆಂದರೆ ವೇಳೆ ಬದಲಾಗುವುದುಂಟು. ಎರಡನೆಯದು ಗುರುತಿನ ದಾಖಲೆ. ಉದ್ಯಾನದಿಂದ ಲಾಸ್ ಕ್ರೂಸಸ್ ಕಡೆಗೆ, ಅಂದರೆ ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆ ಇದೆ. ಎಲ್ಲ ವಾಹನಗಳನ್ನೂ ನಿಧಾನಗೊಳಿಸಿ, ನೀವು ಯಾವ ದೇಶದ ಪ್ರಜೆ ಎಂದು ಕೇಳುತ್ತಾರೆ. ವೀಸಾದ ಮೇಲೆ ಇರುವವರು ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಪ್ರತಿಗಳನ್ನೂ ಹಸಿರು ಕಾರ್ಡ್ ಇರುವವರು ಅಸಲು ಕಾರ್ಡನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನೋಡಲು ಬಂದ ತಂದೆತಾಯಿ ಜೊತೆಗಿದ್ದರೆ ಅವರ ಪಾಸ್‌ಪೋರ್ಟನ್ನು ಹೋಟೆಲಿನ ಪೆಟ್ಟಿಗೆಯಲ್ಲಿ ಬಿಟ್ಟು ಬರಬೇಡಿ.

ಪ್ರವೇಶ ಶುಲ್ಕ ಒಂದು ಕಾರಿಗೆ 25 ಡಾಲರ್, ಒಳಗೆ ಎಷ್ಟು ಜನರಿದ್ದರೂ ಅಷ್ಟೇ. ಕಾರ್ಡಿನಲ್ಲಿ ಪಾವತಿಸಲು ಸಿದ್ಧರಾಗಿರಿ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅದೇ ಸಾಕು. ಒಮ್ಮೆ ಕೊಟ್ಟ ಟಿಕೆಟ್ 7 ದಿನ ನಡೆಯುತ್ತದೆ. ರಸೀದಿ ಜೋಪಾನ, ಅದೇ ದಿನ ಹೊರಹೋಗಿ ಮತ್ತೆ ಒಳಬರಲು ಅದು ಬೇಕು. ಬಾಗಿಲು ತೆರೆಯುವುದು ಬೆಳಗ್ಗೆ 7ಕ್ಕೆ. ಮುಚ್ಚುವ ವೇಳೆ ಋತುವಿನೊಂದಿಗೆ ಬದಲಾಗುತ್ತದೆ, ಹೆಚ್ಚುಕಡಿಮೆ ಸೂರ್ಯಾಸ್ತದ ಒಂದು ಗಂಟೆಯ ನಂತರ. ಅಂದಿನ ಸಮಯ ಎಷ್ಟೆಂದು ಒಳಗೆ ಬರುವಾಗಲೇ ಕೇಳಿ ತಿಳಿದುಕೊಳ್ಳಿ.

ಕಾರಿನಲ್ಲಿ ಏನಿರಬೇಕು

ನೀರು, ಉಳಿದದ್ದೆಲ್ಲ ಅದರ ನಂತರ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಸುಮಾರು 4 ಲೀಟರ್. ನಾಲ್ಕು ಜನರ ಸಂಸಾರಕ್ಕೆ 16 ಲೀಟರ್ ಆಯಿತು. ಅರ್ಧ ಲೀಟರಿನ ಬಾಟಲಿಗಳಾದರೆ 32. ಕಾರಿನಲ್ಲಿ ಒಂದೇ ಪೊಟ್ಟಣ ಇಟ್ಟುಕೊಂಡು ಬರುವವರು ಈ ಲೆಕ್ಕವನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಬಾಗಿಲ ಬಳಿಯ ಮಾಹಿತಿ ಕೇಂದ್ರ ದಾಟಿದ ಮೇಲೆ ಇಡೀ ಉದ್ಯಾನದಲ್ಲಿ ಒಂದು ನಲ್ಲಿಯೂ ಇಲ್ಲ. ಖಾಲಿಯಾದದ್ದನ್ನು ಅಲ್ಲಿ ತುಂಬಿಸಿಕೊಂಡೇ ಮುಂದೆ ಹೋಗಿ. ಬರೀ ನೀರು ಕುಡಿಯುತ್ತಾ ಹೋದರೆ ಬೆವರಲ್ಲಿ ಹೋದ ಉಪ್ಪು ವಾಪಸು ಬರುವುದಿಲ್ಲ. ತಲೆನೋವು, ಹೊಟ್ಟೆ ತೊಳಸುವುದು ಶುರುವಾಗುತ್ತದೆ. ಉಪ್ಪು ಹಾಕಿದ ಕಡಲೆಬೀಜವೋ ಕುರುಕಲು ತಿಂಡಿಯೋ ಒ.ಆರ್.ಎಸ್. ಪುಡಿಯೋ ಜೊತೆಗಿರಲಿ.

ಬಿಸಿಲು ಇಲ್ಲಿ ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಬರುತ್ತದೆ. ಟೋಪಿ ಹಾಕಿಕೊಂಡವರ ಗದ್ದದ ಅಡಿ, ಮೂಗಿನ ತಳ, ಕಿವಿಯ ಹಿಂಭಾಗ, ಮೊಣಕಾಲಿನ ಹಿಂದಿನ ಮಡಿಕೆ ಸಂಜೆ ಹೊತ್ತಿಗೆ ಕೆಂಪಗಾಗಿ ಉರಿಯುವುದು ಇದೇ ಕಾರಣಕ್ಕೆ. ಸನ್‌ಸ್ಕ್ರೀನ್ ಹಚ್ಚುವಾಗ ಆ ಜಾಗಗಳನ್ನು ಬಿಡಬೇಡಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ತೆಳು ಹತ್ತಿಯ ಉದ್ದ ತೋಳಿನ ಅಂಗಿ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ಬಣ್ಣ ಮಾತ್ರ ಕೆಂಪು, ಕಿತ್ತಳೆ, ಕಡುನೀಲಿಯಂಥದ್ದಿರಲಿ. ಬಿಳಿ ಮರಳಲ್ಲಿ ಬಿಳಿ ಅಂಗಿ ತೊಟ್ಟ ಮಗುವನ್ನು ನೂರು ಹೆಜ್ಜೆ ದೂರದಿಂದ ಹುಡುಕುವುದು ಕಷ್ಟ. ತಂಪು ಕನ್ನಡಕ ಮಕ್ಕಳಿಗೂ ಬೇಕು. ಇಲ್ಲದಿದ್ದರೆ ಹತ್ತೇ ನಿಮಿಷದಲ್ಲಿ ಕಣ್ಣು ಕೋರೈಸಿ ನೀರು ಸುರಿಯುತ್ತದೆ.

ಬರಿಗಾಲಿನ ನಡಿಗೆಗೆ ಶುದ್ಧ ಬಿಳಿ ದಿಬ್ಬಗಳು ಹೇಳಿಮಾಡಿಸಿದಂತಿವೆ. ಆದರೆ ದಿಬ್ಬಗಳ ನಡುವಿನ ತಗ್ಗಿನಲ್ಲಿ ಮುಳ್ಳು, ಒಣ ಕಡ್ಡಿ, ಚೂಪಾದ ಹರಳು ಇರುತ್ತವೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದೋ ಚೀಲಕ್ಕೆ ಸಿಕ್ಕಿಸಿಯೋ ಒಯ್ಯಿರಿ. ದೂರದ ನಡಿಗೆಗೆ ಬೂಟು. ಚಳಿಗಾಲದ ಬೆಳಗ್ಗೆ ಮರಳು ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ, ಆಗ ಬರಿಗಾಲಿನ ಆಸೆ ಬಿಡಿ. ಇನ್ನು ಒಂದು ಸೀಟಿ, ಪುಟ್ಟ ಟಾರ್ಚು, ಸಂಜೆಗೊಂದು ಸ್ವೆಟರ್, ಕಾರು ಹತ್ತುವ ಮುನ್ನ ಮರಳು ಕೊಡವಲು ಒಂದು ಮೆದು ಬ್ರಷ್ಷು ಇದ್ದರೆ ಸಾಕು.

ರಸ್ತೆ

ಬಾಗಿಲಿನಿಂದ ಒಳಕ್ಕೆ ಸಾಗುವ ಡ್ಯೂನ್ಸ್ ಡ್ರೈವ್ 8 ಮೈಲಿ ಉದ್ದ. ಮೊದಲ 5 ಮೈಲಿ ಡಾಂಬರು, ಉಳಿದ 3 ಮೈಲಿ ಜಿಪ್ಸಮ್ ಮರಳನ್ನೇ ತಟ್ಟಿ ಗಟ್ಟಿ ಮಾಡಿದ ಬಿಳಿ ರಸ್ತೆ. ಮಾಮೂಲಿ ಕಾರು ಸಲೀಸಾಗಿ ಹೋಗುತ್ತದೆ. ನೋಡಲು ಹಿಮ ಬಿದ್ದ ರಸ್ತೆಯಂತಿದ್ದರೂ ಜಾರುವುದಿಲ್ಲ. ಅಲ್ಲಲ್ಲಿ ಹಲ್ಲುಹಲ್ಲಾಗಿ ಎದ್ದಿರುವುದರಿಂದ ನಿಧಾನವಾಗಿ ಓಡಿಸಿ. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ: ಸುಂದರ ದಿಬ್ಬ ಕಂಡ ಕೂಡಲೇ ರಸ್ತೆಯಂಚಿಗೆ ಕಾರು ಇಳಿಸುವುದು. ಅಂಚಿನ ಮರಳು ಸಡಿಲ, ಚಕ್ರ ಹೂತುಕೊಳ್ಳುತ್ತದೆ, ಗಾಡಿ ಎಳೆಯುವವರು ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ವಾಹನ ನಿಲ್ಲಿಸಲು ಗುರುತು ಮಾಡಿದ ಜಾಗಗಳು ಬೇಕಾದಷ್ಟಿವೆ.

ಮೊದಲ ಎರಡು ಮೂರು ಮೈಲಿ ದಿಬ್ಬಗಳು ಕುಳ್ಳಗಿದ್ದು, ಮೇಲೆ ಯುಕ್ಕಾ ಗಿಡ ಮತ್ತು ಪೊದೆಗಳು ಬೆಳೆದಿರುತ್ತವೆ. ಇಷ್ಟೇನಾ ಎಂದು ಬೇಸರಪಡಬೇಡಿ. ಒಳಕ್ಕೆ ಹೋದಂತೆ ಗಿಡ ಕಡಿಮೆಯಾಗಿ, ರಸ್ತೆ ಸುತ್ತು ತಿರುಗುವ ಕೊನೆಯ ಭಾಗದಲ್ಲಿ ಎಲ್ಲಿ ನೋಡಿದರೂ ಬಿಳುಪು. ದೊಡ್ಡ ದಿಬ್ಬಗಳು 18 ಮೀಟರಿನವರೆಗೂ ಏಳುತ್ತವೆ. ಊಟದ ಮೇಜು, ನೆರಳಿನ ಮರೆ, ಶೌಚಾಲಯ ಈ ಕೊನೆಯ ಭಾಗದಲ್ಲಿವೆ. ಶೌಚಾಲಯಗಳಲ್ಲಿ ನೀರಿರುವುದಿಲ್ಲ, ಕೈ ಒರೆಸುವ ಒದ್ದೆ ಕಾಗದ ಒಯ್ಯಿರಿ.

ದಿನದ ಓಟ

ಬೇಸಿಗೆಯಲ್ಲಾದರೆ ಹೀಗೆ: ಬೆಳಗ್ಗೆ 7ಕ್ಕೆ ಬಾಗಿಲಲ್ಲಿರಿ. ಮಾಹಿತಿ ಕೇಂದ್ರ ಅಷ್ಟು ಬೇಗ ತೆರೆದಿರುವುದಿಲ್ಲ, ಅದನ್ನು ಆಮೇಲೆ ನೋಡಬಹುದು. ನೇರವಾಗಿ ರಸ್ತೆಯ ಕೊನೆಗೆ ಹೋಗಿ, ನಡಿಗೆಯನ್ನೂ ಜಾರುವ ಆಟವನ್ನೂ 10 ಗಂಟೆಯೊಳಗೆ ಮುಗಿಸಿ. ವಾಪಸು ಬರುವಾಗ ಇಂಟರ್‌ಡ್ಯೂನ್ ಬೋರ್ಡ್‌ವಾಕ್ ಎಂಬ ಹಲಗೆ ದಾರಿಯಲ್ಲಿ ಇಳಿಯಿರಿ. ಹೋಗಿ ಬರಲು 0.4 ಮೈಲಿ, ಗಾಲಿಕುರ್ಚಿಯೂ ಹೋಗುತ್ತದೆ, ವಯಸ್ಸಾದವರಿಗೆ ಇಷ್ಟು ಹಿತವಾದ ಜಾಗ ಉದ್ಯಾನದಲ್ಲಿ ಬೇರೆ ಇಲ್ಲ. ಆಮೇಲೆ ಮಾಹಿತಿ ಕೇಂದ್ರ. 1930ರ ದಶಕದಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ ಆ ಮನೆಯ ದಪ್ಪ ಗೋಡೆಗಳ ಒಳಗೆ ನಿಂತರೆ ಬಿಸಿಲ ನಾಡಿನವರು ಮಣ್ಣಿನಲ್ಲಿ ಯಾಕೆ ಮನೆ ಕಟ್ಟಿದರೆಂಬುದು ಮೈಗೇ ತಿಳಿಯುತ್ತದೆ. ಈ ಬಯಲಿನ ಗಟ್ಟಿ ನೆಲದಲ್ಲಿ ಸಿಕ್ಕ ಮನುಷ್ಯರ ಹೆಜ್ಜೆಗುರುತುಗಳಿಗೆ 21,000ದಿಂದ 23,000 ವರ್ಷ ವಯಸ್ಸೆಂದು 2021ರಲ್ಲಿ ಪ್ರಕಟವಾಯಿತು. ಅಮೆರಿಕ ಖಂಡಕ್ಕೆ ಮನುಷ್ಯ ಬಂದ ಕಾಲದ ಲೆಕ್ಕವನ್ನೇ ಅದು ಹಿಂದಕ್ಕೆ ತಳ್ಳಿತು.

11ರಿಂದ 4ರವರೆಗೆ ಉದ್ಯಾನದಲ್ಲಿರಬೇಡಿ. ಅಲಮೊಗೊರ್ಡೊಗೆ ಹೋಗಿ ಊಟ ಮಾಡಿ, ಅಲ್ಲಿನ ಬಾಹ್ಯಾಕಾಶ ವಸ್ತುಸಂಗ್ರಹಾಲಯ ನೋಡಿ. ಅಥವಾ ಪೂರ್ವದ ಸಾಕ್ರಮೆಂಟೊ ಬೆಟ್ಟ ಹತ್ತಿ ಸುಮಾರು 2,600 ಮೀಟರ್ ಎತ್ತರದ ಕ್ಲೌಡ್‌ಕ್ರಾಫ್ಟ್‌ಗೆ ಹೋಗಿ. ಒಂದು ಗಂಟೆಯೊಳಗೆ ಬಿಳಿ ಮರಳಿನಿಂದ ಪೈನ್ ಕಾಡಿನ ನೆರಳಿಗೆ ಬಂದಿರುತ್ತೀರಿ. ಸೂರ್ಯಾಸ್ತಕ್ಕೆ ಎರಡು ಗಂಟೆ ಇರುವಾಗ ಅದೇ ರಸೀದಿ ತೋರಿಸಿ ಮತ್ತೆ ಒಳಗೆ.

ಚಳಿಗಾಲದಲ್ಲಿ ಈ ಓಡಾಟ ಬೇಡ. 10ಕ್ಕೆ ಬಂದು, ಮಧ್ಯಾಹ್ನದ ಹಿತವಾದ ಬಿಸಿಲಲ್ಲಿ ನಡೆದು, ಬುತ್ತಿ ಬಿಚ್ಚಿ ಊಟ ಮಾಡಿ, ಸಂಜೆಯವರೆಗೂ ಅಲ್ಲೇ ಇರಬಹುದು. ಮೇಜುಗಳ ಬಳಿ ಇದ್ದಲು ಒಲೆಗಳಿವೆ, ಇದ್ದಲು ನೀವೇ ತರಬೇಕು. ಮರಳಿನ ಮೇಲೆ ಬೆಂಕಿ ಹಾಕುವಂತಿಲ್ಲ.

ಸೂರ್ಯಾಸ್ತದ ಸುಮಾರು ಒಂದು ಗಂಟೆ ಮೊದಲು ರೇಂಜರ್ ಒಬ್ಬರು ಜನರನ್ನು ಕರೆದೊಯ್ಯುವ ಸಂಜೆ ನಡಿಗೆ ಬಹುತೇಕ ದಿನಗಳಲ್ಲಿ ಇರುತ್ತದೆ. ನಿಧಾನದ ನಡಿಗೆ, ಸುಮಾರು ಒಂದು ಮೈಲಿ. ಮೊದಲ ಸಲ ಬಂದವರು ತಪ್ಪಿಸಿಕೊಳ್ಳಬಾರದು. ಮರಳಿನ ಮೇಲಿನ ಒಂದು ಗೀಟು ಜೀರುಂಡೆಯದೋ ಹಲ್ಲಿಯದೋ ಎಂದು ಗುರುತಿಸುವುದನ್ನು ಅಷ್ಟು ಹೊತ್ತಿನಲ್ಲಿ ಕಲಿತಿರುತ್ತೀರಿ. ಇಲ್ಲಿನ ಹಲ್ಲಿ, ಇಲಿಗಳ ಕೆಲವು ಜಾತಿಗಳು ಮರಳಿಗೆ ಹೊಂದಿಕೊಂಡು ಬಿಳುಪಾಗಿವೆ. ಸುಮ್ಮನೆ ನಡೆದು ಹೋಗುವವರ ಕಣ್ಣಿಗೆ ಅವು ಬೀಳುವುದೇ ಇಲ್ಲ.

ಜಾರುವ ಆಟ

ಹಿಮದ ಮೇಲೆ ಜಾರಲು ಬಳಸುವ, ದುಂಡಗಿನ ಪ್ಲಾಸ್ಟಿಕ್ ತಟ್ಟೆಯೇ ಇಲ್ಲಿ ಸರಿಯಾದ ಸಾಧನ. ಮಾಹಿತಿ ಕೇಂದ್ರದ ಪಕ್ಕದ ಅಂಗಡಿಯಲ್ಲಿ ತಟ್ಟೆಯೂ ಅದಕ್ಕೆ ಉಜ್ಜುವ ಮೇಣವೂ ಸಿಗುತ್ತವೆ. ಬೆಳಗ್ಗೆ ಬೇಗ ಒಳಗೆ ಹೋಗುವವರು ಊರಿನ ಅಂಗಡಿಯಲ್ಲಿ ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಬೇಕು. ರಟ್ಟಿನ ಡಬ್ಬಿ ಒಂದು ಗೇಣೂ ಜಾರುವುದಿಲ್ಲ.

ದಿಬ್ಬದಲ್ಲಿ ಗಾಳಿ ಬೀಸುವ ಕಡೆಯ ಮೈ ಓರೆಯಾಗಿ, ಉದ್ದವಾಗಿರುತ್ತದೆ. ಗಾಳಿಯ ಮರೆಯ ಮೈ ಕಡಿದಾಗಿರುತ್ತದೆ, ಸುಮಾರು 34 ಡಿಗ್ರಿ ಇಳಿಜಾರು. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದೆ ತಾನೇ ಉರುಳುತ್ತದೆ. ಜಾರಬೇಕಾದದ್ದು ಈ ಕಡಿದಾದ ಮೈ ಮೇಲೆ. ಕೆಳಗೆ ನೋಡಿ ಜಾಗ ಆರಿಸಿ. ಇಳಿಜಾರಿನ ಬುಡ ಮೆಲ್ಲನೆ ಸಮತಟ್ಟಾಗುತ್ತಾ ಮೆತ್ತನೆ ಮರಳಿನಲ್ಲೇ ಮುಗಿಯಬೇಕು. ಬುಡದಲ್ಲಿ ಗಟ್ಟಿ ನೆಲ, ಪೊದೆ, ರಸ್ತೆ ಅಥವಾ ಕಾರು ನಿಲ್ಲಿಸುವ ಜಾಗ ಇದ್ದರೆ ಆ ದಿಬ್ಬ ಬೇಡವೇ ಬೇಡ.

ತಟ್ಟೆಯ ಕೆಳಮೈಗೆ, ಮುಖ್ಯವಾಗಿ ನಡುಭಾಗಕ್ಕೆ ಮೇಣವನ್ನು ಒತ್ತಿ ಉಜ್ಜಿ. ಮೂರು ನಾಲ್ಕು ಸಲ ಜಾರಿದ ಮೇಲೆ ಮರಳನ್ನು ಕೈಯಿಂದ ಒರೆಸಿ ಮತ್ತೆ ಉಜ್ಜಬೇಕು. ಮೊದಲ ಸಲ ತಟ್ಟೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಬೇಸರ ಬೇಡ, ಅದು ಹಾದಿ ಮಾಡಿಕೊಳ್ಳುವ ಓಟ. ಅದೇ ಜಾಡಿನಲ್ಲಿ ಎರಡನೆಯ, ಮೂರನೆಯ ಸಲ ಜಾರಿದಾಗ ಮರಳು ಅದುಮಿ ವೇಗ ಬರುತ್ತದೆ. ಆ ಜಾಡಿನ ಮೇಲೆ ಕಾಲಿಟ್ಟು ಹತ್ತಿದರೆ ಗುಂಡಿ ಬಿದ್ದು ಮತ್ತೆ ಮೊದಲಿಗೇ ಬಂತು. ಹತ್ತುವವರು ಹತ್ತು ಹೆಜ್ಜೆ ಪಕ್ಕದಿಂದ ಹತ್ತಲಿ.

ತಟ್ಟೆಯ ನಡುವೆ ಕೂತು, ಕಾಲು ಮಡಚಿ ಒಳಗಿಟ್ಟು, ಪಟ್ಟಿ ಹಿಡಿದು ಸ್ವಲ್ಪ ಹಿಂದಕ್ಕೆ ವಾಲಿ. ಹಿಮ್ಮಡಿ ಊರಿದರೆ ಮರಳು ಹಾರಿ ನೇರ ಮುಖಕ್ಕೆ ಬರುತ್ತದೆ. ನಿಂತು ಜಾರುವುದು, ತಲೆ ಮುಂದೆ ಮಾಡಿ ಮಲಗಿ ಜಾರುವುದು, ಒಂದೇ ತಟ್ಟೆಯಲ್ಲಿ ಇಬ್ಬರು ಕೂರುವುದು ಮೂರೂ ತಪ್ಪು. ಮುಂದಿನವರು ಬುಡದಿಂದ ಪೂರ್ತಿ ಪಕ್ಕಕ್ಕೆ ಸರಿದ ಮೇಲೆಯೇ ಹೊರಡಿ. ಮಳೆ ಬಂದ ಮರುದಿನ ಅಥವಾ ಚಳಿಗಾಲದ ಮುಂಜಾನೆ ಮರಳು ಒದ್ದೆಯಾಗಿ ತಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಬಿಸಿಲೇರಿ ಮೇಲ್ಪದರ ಒಣಗುವವರೆಗೆ ಕಾಯುವುದೇ ಲೇಸು. ಒಡೆದ ತಟ್ಟೆಯ ಚೂರುಗಳನ್ನು ಅಲ್ಲೇ ಬಿಡಬೇಡಿ. ಮರಳು ಅವನ್ನು ಮುಚ್ಚಿಡುತ್ತದೆ, ಮುಂದೆ ಅವು ಯಾರದೋ ಕಾಲನ್ನು ಕೊಯ್ಯುತ್ತವೆ.

ಮಕ್ಕಳು ಮರಳಲ್ಲಿ ಸುರಂಗ ತೋಡುವುದನ್ನು ಕಂಡರೆ ಆ ಕ್ಷಣವೇ ನಿಲ್ಲಿಸಿ. ಒಳಗಿನ ಪಸೆ ಇರುವವರೆಗೆ ಗೋಡೆ ಗಟ್ಟಿಯೆನಿಸುತ್ತದೆ. ಆರಿದೊಡನೆ ಸದ್ದಿಲ್ಲದೆ ಕುಸಿಯುತ್ತದೆ, ಮರಳಿನ ಭಾರದಡಿ ಉಸಿರಾಡಲಾಗುವುದಿಲ್ಲ.

ನಡಿಗೆ ಮತ್ತು ದಿಕ್ಕು

ಒಂದು ಮೈಲಿಯ ಡ್ಯೂನ್ ಲೈಫ್ ನೇಚರ್ ಟ್ರೇಲ್ ಹೆಚ್ಚಿನವರಿಗೆ ಸಾಕು. ಒಂದು ಗಂಟೆ ಇಟ್ಟುಕೊಳ್ಳಿ. ಯುಕ್ಕಾ ಗಿಡ ಇಲ್ಲಿ ಹೇಗೆ ಬದುಕುತ್ತದೆಂದು ನಿಂತು ನೋಡಿ. ದಿಬ್ಬ ಮುಚ್ಚುತ್ತಾ ಬಂದಂತೆ ಅದು ಕಾಂಡವನ್ನು ಮೇಲಕ್ಕೆ ಚಾಚುತ್ತಾ ಎಲೆಗಳನ್ನು ಮರಳಿನ ಮೇಲೆ ಇರಿಸಿಕೊಳ್ಳುತ್ತದೆ. ವರ್ಷಕ್ಕೆ ಕೆಲವು ಮೀಟರ್ ಸರಿಯುವ ದಿಬ್ಬ ದಾಟಿಹೋದ ಮೇಲೆ ಆಸರೆ ತಪ್ಪಿ ಆ ಉದ್ದ ಕಾಂಡ ನೆಲಕ್ಕೊರಗುತ್ತದೆ. ಒರಗಿದ ಗಿಡ ಕಂಡರೆ ಅಲ್ಲಿ ಹಿಂದೊಮ್ಮೆ ದಿಬ್ಬವಿತ್ತೆಂದು ತಿಳಿಯಿರಿ.

ದೊಡ್ಡ ನಡಿಗೆಯೆಂದರೆ ಆಲ್ಕಲೈ ಫ್ಲಾಟ್ ಟ್ರೇಲ್, ಸುತ್ತಿ ಬರಲು 5 ಮೈಲಿ, ಅಂದರೆ 8 ಕಿಲೋಮೀಟರ್. ಹೆಸರಿನಲ್ಲಿ ಫ್ಲಾಟ್ ಇದೆಯೆಂದು ಸಮತಟ್ಟು ದಾರಿ ಅಂದುಕೊಳ್ಳಬೇಡಿ. ಆ ಹೆಸರು ದಾರಿಯ ತುದಿಯಲ್ಲಿರುವ ಒಣ ಕೆರೆಯ ಅಂಗಳದ್ದು. ಅಲ್ಲಿಯವರೆಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಸಡಿಲ ಮರಳಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಗಟ್ಟಿಮುಟ್ಟಾದವರಿಗೂ 3 ಗಂಟೆ ಬೇಕು. ಹೊರಡುವಾಗ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಆ ದಿನ ಆ ದಾರಿ ಹಿಡಿಯಬೇಡಿ. 2015ರ ಆಗಸ್ಟ್‌ನಲ್ಲಿ ಫ್ರಾನ್ಸಿನಿಂದ ಬಂದ ದಂಪತಿ ಇದೇ ದಾರಿಯಲ್ಲಿ ಬಿಸಿಲಿನ ಹೊಡೆತಕ್ಕೆ ಪ್ರಾಣ ಬಿಟ್ಟರು. ಜೊತೆಗಿದ್ದ 9 ವರ್ಷದ ಮಗ ಬದುಕುಳಿದ. ಅವರ ಬಳಿ ಇದ್ದದ್ದು ಎರಡು ಸಣ್ಣ ಬಾಟಲಿ ನೀರು.

ಬೆನ್ನಿನ ಚೀಲದಲ್ಲಿ ತಲಾ 3 ಲೀಟರ್ ನೀರಿರಲಿ. ಅರ್ಧ ನೀರು ಮುಗಿದಾಗ ನೀವು ಎಲ್ಲೇ ಇರಿ, ತುದಿ ಎಷ್ಟೇ ಹತ್ತಿರ ಕಾಣಲಿ, ಹಿಂದಿರುಗಿ. ದಾರಿಯ ಆರಂಭದಲ್ಲಿರುವ ಪುಸ್ತಕದಲ್ಲಿ ಹೆಸರು, ಹೊರಟ ವೇಳೆ ಬರೆಯಿರಿ. ಬಂದ ಮೇಲೆ ಬಂದೆವೆಂದೂ ಬರೆಯಿರಿ. ಮರೆತರೆ ಸುಮ್ಮಸುಮ್ಮನೆ ನಿಮ್ಮನ್ನು ಹುಡುಕಲು ಜನ ಹೊರಡುತ್ತಾರೆ.

ಇಲ್ಲಿ ಸವೆದ ಕಾಲುದಾರಿ ಇರುವುದಿಲ್ಲ. ನಿಮ್ಮ ಹೆಜ್ಜೆಗುರುತನ್ನು ಗಾಳಿ ಅಳಿಸಿಬಿಡುತ್ತದೆ. ನಂಬಬೇಕಾದದ್ದು ಮರಳಲ್ಲಿ ನೆಟ್ಟ ಬಣ್ಣದ ಕಂಬಗಳನ್ನು. ಆಲ್ಕಲೈ ಫ್ಲಾಟ್‌ಗೆ ಇಸ್ಪೀಟಿನ ಡೈಮಂಡ್ ಗುರುತಿನ ಕೆಂಪು ಕಂಬ, ಡ್ಯೂನ್ ಲೈಫ್‌ಗೆ ಕ್ಲಾವರ್ ಗುರುತಿನ ನೀಲಿ ಕಂಬ. ನಿಯಮ ಸರಳ: ಒಂದು ಕಂಬದ ಬಳಿ ನಿಂತು ಮುಂದಿನದು ಕಣ್ಣಿಗೆ ಕಂಡ ಮೇಲೆಯೇ ಹೆಜ್ಜೆ ಇಡಿ. ಕಾಣದಿದ್ದರೆ ಮುಂದಿನ ದಿಬ್ಬ ಹತ್ತಿದರೆ ಕಂಡೀತು ಎಂದು ಅಂದಾಜಿನಲ್ಲಿ ಹೋಗಬೇಡಿ. ಆ ಕಂಬವನ್ನು ಮರಳು ಹೂತಿರಬಹುದು, ಗಾಳಿ ಕೆಡವಿರಬಹುದು. ಬಂದ ದಾರಿಯಲ್ಲೇ ಹಿಂದಿರುಗಿ.

ಗುರುತಿನ ದಾರಿ ಬಿಟ್ಟು ಕಾರಿನ ಸುತ್ತಮುತ್ತ ಅಡ್ಡಾಡುವವರೂ ದಿಕ್ಕು ತಪ್ಪುತ್ತಾರೆ. ನಿಜ ಹೇಳಬೇಕೆಂದರೆ ಹೆಚ್ಚಾಗಿ ತಪ್ಪುವವರು ಅವರೇ. ಎರಡು ದಿಬ್ಬ ದಾಟಿದರೆ ಕಾರೂ ಕಾಣುವುದಿಲ್ಲ, ಕೂಗೂ ಕೇಳುವುದಿಲ್ಲ. ಹೊರಡುವ ಮುನ್ನ ಫೋನಿನ ನಕ್ಷೆಯಲ್ಲಿ ಕಾರಿನ ಜಾಗಕ್ಕೆ ಗುರುತು ಹಾಕಿ, ನಕ್ಷೆಯನ್ನು ಊರಲ್ಲೇ ಇಳಿಸಿಟ್ಟುಕೊಳ್ಳಿ, ಏಕೆಂದರೆ ಒಳಗೆ ಸಿಗ್ನಲ್ ನೆಚ್ಚುವಂತಿಲ್ಲ. ಫೋನನ್ನೇ ನಂಬಿ ಕೂರಬೇಡಿ. ಬಿಸಿಲಿಗೆ ಕಾದು ಅದು ತಾನಾಗಿ ಆರಿಹೋಗುತ್ತದೆ. ಪ್ರತಿ ದಿಬ್ಬದ ನೆತ್ತಿಯಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡುವ ಅಭ್ಯಾಸ ಮಾಡಿ. ಪಶ್ಚಿಮಕ್ಕೆ ಸಾನ್ ಆಂಡ್ರೆಸ್ ಬೆಟ್ಟಸಾಲು, ಪೂರ್ವಕ್ಕೆ ಸಾಕ್ರಮೆಂಟೊ ಬೆಟ್ಟಸಾಲು. ಕಾರು ಬಿಟ್ಟಾಗ ಯಾವ ಸಾಲು ಯಾವ ಕೈಗೆ ಇತ್ತೆಂಬುದು ನೆನಪಿರಲಿ. ಪಶ್ಚಿಮದ ಬೆಟ್ಟ ಕೂಗಳತೆಯಲ್ಲಿರುವಂತೆ ಕಂಡರೂ ಬಹಳ ದೂರ, ನಡುವೆ ಕ್ಷಿಪಣಿ ವಲಯ. ಆ ಕಡೆ ನಡೆದರೆ ಯಾವ ಆಸರೆಯೂ ಸಿಗುವುದಿಲ್ಲ. ಎಲ್ಲಾದರೂ ಲೋಹದ ವಿಚಿತ್ರ ತುಂಡು ಕಂಡರೆ ಮುಟ್ಟದೆ, ಜಾಗ ಗುರುತಿಟ್ಟುಕೊಂಡು ರೇಂಜರ್‌ಗೆ ತಿಳಿಸಿ. ಸಿಡಿಯದೆ ಉಳಿದ ಸಿಡಿತಲೆಯೂ ಆಗಿರಬಹುದು.

ದಾರಿ ತಪ್ಪಿದೆ ಎನಿಸಿದರೆ ನಿಲ್ಲಿ. ಎತ್ತರದ ನೆತ್ತಿಗೆ ಹತ್ತಿ ಮೂರು ಬಾರಿ ಸೀಟಿ ಊದಿ, ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ನೋಡಿ, ಬಣ್ಣದ ಬಟ್ಟೆಯನ್ನು ಕಾಣುವಂತೆ ಹರಡಿ, ಅಲ್ಲೇ ಇರಿ.

ಜೊತೆಯವರಲ್ಲಿ ಯಾರಾದರೂ ಮಾತು ತಡವರಿಸಿದರೆ, ಬೆವರು ನಿಂತು ಮೈ ಕಾದರೆ, ವಾಂತಿ ಬಂದಂತಾದರೆ ಅದು ಸುಸ್ತಲ್ಲ, ಬಿಸಿಲ ಹೊಡೆತ. ಕೂಡಲೇ 911ಕ್ಕೆ ಕರೆ ಮಾಡಿ. ನೆರಳಿಲ್ಲದಿದ್ದರೆ ಅಂಗಿಗಳನ್ನು ಹಿಡಿದು ನೆರಳು ಮಾಡಿ, ಕುಡಿಯುವ ನೀರನ್ನೇ ಕತ್ತು, ಕಂಕುಳು, ಎದೆಗೆ ಸುರಿದು ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಫೋಟೊ, ಮತ್ತು ಹೊರಡುವ ಹೊತ್ತು

ಕ್ಯಾಮೆರಾಕ್ಕೆ ಇಷ್ಟೊಂದು ಬಿಳುಪು ಅರ್ಥವಾಗದೆ ಚಿತ್ರವನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಹಂತ ಏರಿಸಿ. ಫೋನಿನಲ್ಲಾದರೆ ಮರಳಿನ ಮೇಲೆ ಬೆರಳೊತ್ತಿ ಬೆಳಕಿನ ಗುರುತನ್ನು ಮೇಲಕ್ಕೆ ಎಳೆಯಿರಿ. ನಡುಹಗಲಲ್ಲಿ ನೆರಳೇ ಇಲ್ಲದೆ ದಿಬ್ಬಗಳೆಲ್ಲ ಚಪ್ಪಟೆ. ಹೊತ್ತು ಹುಟ್ಟಿದ ಮೊದಲ ಗಂಟೆ, ಮುಳುಗುವ ಮುಂಚಿನ ಕೊನೆಯ ಗಂಟೆ ಅಲೆಗಳೆಲ್ಲ ಎದ್ದು ಕಾಣುತ್ತವೆ. ಹೆಜ್ಜೆ ಬೀಳದ ದಿಬ್ಬ ಬೇಕೆಂದರೆ ಕಾರಿನಿಂದ ಹತ್ತು ನಿಮಿಷ ನಡೆಯಿರಿ, ಚಿತ್ರ ತೆಗೆಯುವ ಮೊದಲು ಆ ಮೈ ಮೇಲೆ ಯಾರನ್ನೂ ಹತ್ತಲು ಬಿಡಬೇಡಿ. ಡ್ರೋನ್ ಹಾರಿಸುವಂತಿಲ್ಲ. ಮರಳನ್ನು ಒಂದು ಚಿಟಿಕೆಯಷ್ಟೂ ಮನೆಗೊಯ್ಯುವಂತಿಲ್ಲ.

ಸೂರ್ಯ ಸಾನ್ ಆಂಡ್ರೆಸ್ ಹಿಂದೆ ಇಳಿದ ಕೂಡಲೇ ಅರ್ಧ ಜನ ಕಾರಿಗೆ ಓಡುತ್ತಾರೆ. ನೀವು ಇನ್ನೂ 20 ನಿಮಿಷ ಕೂತಿರಿ, ಮುಖ ಪೂರ್ವಕ್ಕೆ ಮಾಡಿ. ಮರಳು ಮೊದಲು ಗುಲಾಬಿ, ಆಮೇಲೆ ನೇರಳೆ, ಕೊನೆಗೆ ತಿಳಿನೀಲಿಯಾಗುತ್ತದೆ, ಸಾಕ್ರಮೆಂಟೊ ಬೆಟ್ಟದ ಮೇಲೆ ಭೂಮಿಯ ನೆರಳು ನೀಲಿ ಪಟ್ಟಿಯಾಗಿ ಏರುತ್ತದೆ. ಆದರೆ ರಸ್ತೆಯ ಕೊನೆಯಿಂದ ಬಾಗಿಲಿಗೆ 20ರಿಂದ 25 ನಿಮಿಷ ಬೇಕು, ಮುಚ್ಚುವ ವೇಳೆಯೊಳಗೆ ಕಾರು ಹೊರಗಿರಲೇಬೇಕು. ಅದನ್ನು ಕಳೆದು ಅಲಾರಂ ಇಟ್ಟುಕೊಳ್ಳಿ.

ಕಾರು ಹತ್ತುವ ಮುನ್ನ ಒಣಗಿದ ಬ್ರಷ್ಷಿನಿಂದ ಕಾಲು, ಬೂಟು, ಚೀಲ ಕೊಡವಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಈ ಮರಳು ಹಿಟ್ಟಿನಂತೆ ಅಂಟಿ, ಒಣಗಿದ ಮೇಲೆ ಬಿಳಿ ಪೊರೆಯಾಗುತ್ತದೆ. ಜಿಪ್ಸಮ್ ಉಗುರಿನಿಂದ ಗೀರುವಷ್ಟು ಮೆದು, ಆದರೂ ಲೆನ್ಸನ್ನು ಮೊದಲು ಊದಿ, ಆಮೇಲೆ ಒರೆಸಿ. ಕಾರಿನ ತಳ ಮತ್ತು ಚಕ್ರದ ಒಳಮೈಯನ್ನು ಮರುದಿನವೇ ಜೋರು ನೀರಿನಲ್ಲಿ ತೊಳೆಸಿ. ಮಳೆಯಾದ ದಿನ ಹೋಗಿದ್ದರಂತೂ ಮರೆಯಬೇಡಿ, ಬಿಳಿ ರಸ್ತೆಯ ಕೆಸರು ಗಟ್ಟಿಯಾದರೆ ಬಿಡಿಸುವುದು ಕಷ್ಟ.